ಆರು ಪದ, ನಾಲ್ಕು ತಪ್ಪು

ನನ್ನ ಬರೆಯುವ ಮೇಜಿನ ಗಾಜಿನ ಕೆಳಗೆ ಒಂದು ಚೀಟಿ ಇದೆ. ಗೋಡೆಯ ಕ್ಯಾಲೆಂಡರಿನಿಂದ ಹರಿದ ಹಾಳೆಯ ತುಂಡು, ಅಂಗೈಗಿಂತ ದೊಡ್ಡದಿಲ್ಲ. ನಟ್ಟನಡುವೆ ಒಂದು ತೂತು, ಬಲಗಡೆ ಒಂದು ಹಳದಿ ಕಲೆ. ಅದರ ಖಾಲಿ ಮಗ್ಗುಲಲ್ಲಿ ನೀಲಿ ಶಾಯಿಯಲ್ಲಿ ಇಂಗ್ಲಿಷಿನ ಆರು ಪದಗಳಿವೆ. ಆರು ಪದಗಳಲ್ಲಿ ನಾಲ್ಕು ತಪ್ಪುಗಳಿವೆ. ಕೆಳಗಿನ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ಒಬ್ಬರ ಹೆಸರಿದೆ.

ಬೇರೆಯವರ ಮನೆಯಲ್ಲಿ ಗಾಜಿನ ಕೆಳಗೆ ದೇವರ ಪಟವೋ ಮೊಮ್ಮಕ್ಕಳ ಫೋಟೊವೋ ಇರುತ್ತದೆ. ನಮ್ಮಲ್ಲಿ ಈ ಚೀಟಿ ನೋಡಿ ಬಂದವರು ಹುಬ್ಬೇರಿಸುತ್ತಾರೆ. ಚಹಾದ ಕಪ್ಪು-ಬಸಿ ಇಡುತ್ತಾ ನಮ್ಮ ಮನೆಯಾಕೆ ಉತ್ತರ ಕೊಟ್ಟುಬಿಡುತ್ತಾಳೆ: "ಅದು ನಮ್ಮ ಮನಿಯವರಿಗೆ ಸಿಕ್ಕ ಸರ್ಟಿಫಿಕೇಟ್‌ರಿ. ಮೂವತ್ತು ವರ್ಷ ನೌಕರಿ ಮಾಡಿ ಗಳಿಸಿದ್ದು ಅದೊಂದ ನೋಡ್ರಿ."

ಅವಳ ಮಾತಿನಲ್ಲಿ ಮುಕ್ಕಾಲು ಪಾಲು ಚೇಷ್ಟೆ ಇರುತ್ತದೆ. ಉಳಿದ ಕಾಲು ಪಾಲಿಗೆ ನಾನು ವಾದಿಸುವುದಿಲ್ಲ.

ಇಂಡಿ, ಮುದ್ದೇಬಿಹಾಳ, ಸಿಂದಗಿ ಎಂದು ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಕಲಿಸಿ ಈಗ ಸಿಂದಗಿಯಲ್ಲಿ ನಿವೃತ್ತನಾಗಿ ಕುಳಿತಿದ್ದೇನೆ. ನೌಕರಿ ಬಿಟ್ಟರೂ ಜೇಬಿನಲ್ಲಿನ ಕೆಂಪು ಪೆನ್ನು ಬಿಟ್ಟಿಲ್ಲ. ನನ್ನ ಒಂದು ಅಂಗಿಯೂ ಜೇಬಿನ ತಳದಲ್ಲಿ ಕೆಂಪು ಕಲೆಯಿಲ್ಲದೆ ಉಳಿದಿಲ್ಲ. ಇಂಗ್ಲಿಷಿನಲ್ಲಿ ಏನಾದರೂ ಅಚ್ಚಾಗಿದ್ದು ಕಣ್ಣಿಗೆ ಬಿದ್ದರೆ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಔಷಧದ ಡಬ್ಬಿ, ಬಿಸ್ಕತ್ತಿನ ಪೊಟ್ಟಣ, ಮೊಬೈಲಿಗೆ ಬರುವ ಶುಭಾಶಯ, ಯಾವುದೂ ಪಾರಾಗುವುದಿಲ್ಲ. ಒಮ್ಮೆ ನಾಲತವಾಡದ ದೂರದ ಬೀಗರು ಮಗನ ಲಗ್ನಪತ್ರಿಕೆ ಕೊಡಲು ಬಂದಿದ್ದರು. ಅವರಿನ್ನೂ ಚಹಾ ಕುಡಿಯುತ್ತಿದ್ದಾಗಲೇ ನಾನು ಪತ್ರಿಕೆಯ ಇಂಗ್ಲಿಷ್ ಮಗ್ಗುಲಿನಲ್ಲಿ ಐದು ಕಡೆ ಕೆಂಪು ಸುತ್ತು ಹಾಕಿ ಅವರ ಕೈಗೇ ವಾಪಸು ಕೊಟ್ಟೆ. ಅವರು ಹೋದ ಮೇಲೆ ಮನೆಯಾಕೆ ಸೊಂಟಕ್ಕೆ ಕೈಯಿಟ್ಟು ಕೇಳಿದಳು: "ಅವ್ರು ಲಗ್ನಕ್ಕ ಕರ್ಯಾಕ ಬಂದಿದ್ರೋ, ಪರೀಕ್ಷಾ ಕೊಡಾಕ ಬಂದಿದ್ರೋ?"

ಈ ಚಟ ಎಲ್ಲಿಂದ ಬಂತು ಎಂದು ಯೋಚಿಸಿದರೆ ನೆನಪು ಯಂಕಂಚಿಗೆ ಹೋಗಿ ನಿಲ್ಲುತ್ತದೆ. ನಾನು ಹುಟ್ಟಿ ಬೆಳೆದ ಊರು ಅದು. ಐದನೆಯ ಇಯತ್ತೆಯಲ್ಲಿ ನಮಗೆ ಎಬಿಸಿಡಿ ಸುರುವಾಯಿತು. ಅದಕ್ಕೆಂದೇ ನಾಲ್ಕು ಗೆರೆಯ ಬೇರೆ ಕಾಪಿ ಪುಸ್ತಕ. ದೊಡ್ಡಕ್ಷರ ಮೇಲಿನ ಕೆಂಪು ಗೆರೆ ಮುಟ್ಟಬೇಕು, ಸಣ್ಣಕ್ಷರ ನಡುವಿನ ನೀಲಿ ಗೆರೆಗಳ ಒಳಗೆ ಕೂರಬೇಕು. ಸಣ್ಣ ಜಿ ಬರೆಯುವಾಗ ನನಗೆ ಅದರ ಬಾಲ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುತ್ತಿರಲಿಲ್ಲ. ಅದು ಕೆಳಗಿನ ಗೆರೆಯನ್ನೂ ದಾಟಿ, ಹಿಂದಕ್ಕೆ ಸುತ್ತಿ, ಚೇಳಿನ ಬಾಲದ ಹಾಗೆ ಮೇಲೇಳುತ್ತಿತ್ತು. ಗುರುಗಳು ಕಿವಿ ಹಿಂಡಿ, "ತಮ್ಮಾ, ನಿನ್ನ ಜಿ ಮಂದಿ ಮನಿಗೆ ಹೊಂಟೈತಿ, ಹಿಡದು ಕಟ್ಟು" ಅನ್ನುತ್ತಿದ್ದರು. ಕಿವಿ ಕೆಂಪಾಯಿತೇ ಹೊರತು ಬಾಲ ಮೋಟಾಗಲಿಲ್ಲ. ಇವತ್ತಿಗೂ ಅದು ಹಾಗೆಯೇ ಇದೆ.

ಸಂಜೆ ಅವ್ವ ರೊಟ್ಟಿ ಬಡಿಯುವಾಗ ನಾನು ಒಲೆಯ ಮುಂದೆ ಕುಳಿತು ಕಾಪಿ ಬರೆಯುತ್ತಿದ್ದೆ. ಅವಳು ಒಮ್ಮೆ ಬಗ್ಗಿ ನೋಡಿ ಕೇಳಿದಳು, "ಒಂದ ಅಕ್ಷರ ದೊಡ್ಡದೂ ಸಣ್ಣದೂ ಎರಡೆರಡು ಸಲ ಯಾಕ ಬರ್ಯಾಕತ್ತೀಯೋ?" ಇಂಗ್ಲಿಷಿನಲ್ಲಿ ಹಾಗೇ ಇರುತ್ತದೆ, ಮಾತಿನ ಮೊದಲಿಗೂ ಹೆಸರಿನ ಮೊದಲಿಗೂ ದೊಡ್ಡದು ಬರೆಯಬೇಕು, ಇಲ್ಲದಿದ್ದರೆ ತಪ್ಪು ಎಂದು ನಾನು ದೊಡ್ಡ ಪಂಡಿತನಂತೆ ತಿಳಿಸಿಕೊಟ್ಟೆ. ಅವಳು ರೊಟ್ಟಿ ತಿರುವಿ ಹಾಕುತ್ತಾ, "ಹಂಗಾರ ನಮ್ಮದ ಚೊಲೋ ಬಿಡು, ಎಲ್ಲಾರೂ ಒಂದ ಅಳತಿ" ಅಂದಳು. ಅವ್ವನಿಗೆ ಏನೂ ತಿಳಿಯುವುದಿಲ್ಲ ಎಂದು ನನಗೆ ಅವತ್ತು ಖಾತ್ರಿಯಾಯಿತು. ತಪ್ಪು ಯಾವುದು ಎಂದು ನನಗೆ ಗೊತ್ತು, ಬೇರೆಯವರಿಗೆ ಗೊತ್ತಿಲ್ಲ ಎಂಬ ಸಣ್ಣ ಸೊಕ್ಕು ನನ್ನೊಳಗೆ ಹುಟ್ಟಿದ್ದು ಆ ಒಲೆಯ ಮುಂದೆಯೇ ಇರಬೇಕು.

ಸೊಕ್ಕಿಗೆ ನೌಕರಿಯೂ ಸಿಕ್ಕಿದರೆ ಕೇಳಬೇಕೆ? ಮಾಸ್ತರನಾದ ಮೇಲೆ ನಾನೊಂದು ಡೈರಿ ಇಟ್ಟೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು, ಹಾದಿಯಲ್ಲಿ ಕಾಣುವ ಬೋರ್ಡುಗಳ ತಪ್ಪು ಇಂಗ್ಲಿಷನ್ನು ಅದರಲ್ಲಿ ಇಳಿಸಿಕೊಳ್ಳುತ್ತಿದ್ದೆ. ಇಂಡಿಯಲ್ಲಿ ಒಬ್ಬ ಲಿಂಬೆಹಣ್ಣಿನ ವ್ಯಾಪಾರಿ ತನ್ನ ಅಂಗಡಿಯ ಎಲ್ಲ ಹಣ್ಣನ್ನೂ ಏಕವಚನದಲ್ಲೇ ಮಾರುತ್ತಿದ್ದ. ಬಸವನ ಬಾಗೇವಾಡಿಯ ರಸ್ತೆಯಲ್ಲಿ ಒಬ್ಬಾತ ತನ್ನಲ್ಲಿ ಪಂಚರ್ ತೆಗೆಯುವುದಲ್ಲ, ಮಾಡಿಕೊಡಲಾಗುವುದು ಎಂದು ಇಂಗ್ಲಿಷಿನಲ್ಲಿ ಸಾರಿದ್ದ. ಮುದ್ದೇಬಿಹಾಳದ ಟೇಲರ್ ಒಬ್ಬರು ಬಟ್ಟೆಯನ್ನು ಬಿಟ್ಟು ಹೆಂಗಸರನ್ನೇ ಹೊಲಿಯುವುದಾಗಿ ಬರೆಸಿಕೊಂಡಿದ್ದರು. ಇಂಥವು ಸಿಕ್ಕ ದಿನ ಊಟ ರುಚಿಯಾಗುತ್ತಿತ್ತು ಎಂದರೆ ನೀವು ನಗಬಾರದು.

ಮರುದಿನ ತರಗತಿಗೆ ಹೋದೊಡನೆ ಕರಿಹಲಗೆಯ ಮೇಲೆ ಆ ವಾಕ್ಯ ಬರೆಯುವುದು, ಅದು ಯಾವ ಊರಿನದು ಎಂದು ಹೇಳುವುದು, ತಪ್ಪು ಹುಡುಕಿ ಎನ್ನುವುದು. 'ದಿನಕ್ಕೊಂದು ತಪ್ಪು' ಎಂದು ಇದಕ್ಕೆ ಹೆಸರಿಟ್ಟಿದ್ದೆ. ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ತಪ್ಪು ತಿದ್ದುವ ಪ್ರಶ್ನೆ ಇರುತ್ತದಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ತಯಾರಿ ಇಲ್ಲ ಎಂದು ನಾನು ಹೆಡ್‌ಮಾಸ್ತರರ ಮುಂದೆಯೂ ಹೇಳಿಕೊಂಡಿದ್ದೆ. ಮಕ್ಕಳು ನಗುತ್ತಿದ್ದರು. ನಗುತ್ತಲೇ ಕಲಿಯುತ್ತಿದ್ದರು. ಅದು ಸುಳ್ಳಲ್ಲ.

ಸಿಂದಗಿಯಲ್ಲಿದ್ದಾಗ ಒಮ್ಮೆ ಯಾವುದೋ ತರಬೇತಿಗೆಂದು ದೇವರ ಹಿಪ್ಪರಗಿಗೆ ಹೋಗಿದ್ದೆ. ಆ ಕಡೆಗೆ ಹೋಗದೆ ನಾಲ್ಕೈದು ವರ್ಷವಾಗಿತ್ತು. ಬಸ್‌ಸ್ಟ್ಯಾಂಡಿನ ಎದುರಿನ ಖಾನಾವಳಿಗೆ ಹೊಸ ತಗಡಿನ ಬೋರ್ಡು ಬಂದಿತ್ತು. ಅಚ್ಚ ನೀಲಿಯ ಮೇಲೆ ಹಳದಿ ಅಕ್ಷರ: 'ಹಿಯರ್ ಪ್ಯೂರ್ ವೆಜ್ ಮೀಲ್ಸ್ ಈಸ್. ಅವೇಲೇಬಲ್'. ವಾಕ್ಯದ ಮೊದಲಕ್ಷರ ಸಣ್ಣದು. ನಡುವಿನ ಮೀಲ್ಸಿಗೆ ಇಷ್ಟು ದೊಡ್ಡ ಅಕ್ಷರ. ಊಟಗಳು ಬಹಳ, ಕ್ರಿಯಾಪದ ಒಂದಕ್ಕೇ. ಎಲ್ಲಕ್ಕಿಂತ ಹೆಚ್ಚಾಗಿ, ವಾಕ್ಯ ಮುಗಿಯುವ ಮೊದಲೇ ಬದನೆಕಾಯಿಯಷ್ಟು ದಪ್ಪದ ಪೂರ್ಣವಿರಾಮ! ಒಂದೇ ಬೋರ್ಡಿನಲ್ಲಿ ನಾಲ್ಕು ತಪ್ಪು. ನನಗೆ ಹಬ್ಬವಾಯಿತು. ಡೈರಿಯಲ್ಲಿ ಚಿತ್ರದ ಸಮೇತ ಇಳಿಸಿಕೊಂಡೆ.

ಮರುದಿನ ಒಂಬತ್ತನೆಯ ತರಗತಿಯಲ್ಲಿ ಅದನ್ನು ಬರೆದಾಗ ನನಗೆ ಎಂದಿಗಿಂತ ಹುರುಪು ಹೆಚ್ಚಿತ್ತು. "ಊಟ ಮಾಡಾಕ ಕುಂತವರಿಗೆ ನಡುವ ಫುಲ್‌ಸ್ಟಾಪ್ ಇಟ್ರ ಅನ್ನ ಗಂಟಲದಾಗ ಉಳೀತೈತಿ ನೋಡ್ರಿ" ಅಂದೆ. ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಷ್ಟಕ್ಕೆ ಬಿಡಬಹುದಿತ್ತು. ಬೋರ್ಡಿನ ಮೂಲೆಯಲ್ಲಿ ಬರೆದವರ ಹೆಸರಿತ್ತಲ್ಲ, 'ಮಲ್ಲು ಆರ್ಟ್ಸ್' ಎಂದು, ಅದನ್ನೂ ಕರಿಹಲಗೆಯ ಮೂಲೆಯಲ್ಲಿ ಬರೆದೆ. "ಇಷ್ಟು ತಪ್ಪು ಮಾಡಿ, ಹೆಸರು ಬ್ಯಾರೆ ಹಾಕ್ಕೊಂಡಾನಲ್ಲ ಪುಣ್ಯಾತ್ಮ!" ಅಂದೆ.

ನಗು ಇನ್ನಷ್ಟು ಜೋರಾಯಿತು. ಆದರೆ ಈ ಸಲ ಅರ್ಧ ತರಗತಿ ನನ್ನ ಕಡೆ ನೋಡಿ ನಗುತ್ತಿರಲಿಲ್ಲ, ಎರಡನೆಯ ಬೆಂಚಿನ ಕಡೆ ನೋಡಿ ನಗುತ್ತಿತ್ತು. ಅಲ್ಲಿ ರೇಣುಕಾ ಕುಳಿತಿದ್ದಳು. ಇಂಗ್ಲಿಷಿನಲ್ಲಿ ತರಗತಿಗೇ ಚುರುಕು ಹುಡುಗಿ, ತಪ್ಪು ಹಿಡಿಯುವುದರಲ್ಲಿ ನನ್ನ ಬಲಗೈ. ಅವತ್ತು ಅವಳ ಕೈ ಮೇಲೇಳಲಿಲ್ಲ. ಪುಸ್ತಕದೊಳಗೆ ಮುಖ ಹಾಕಿ ಕುಳಿತಿದ್ದಳು. ಗಂಟೆ ಹೊಡೆದ ಮೇಲೆ ಯಾರೋ ಹೇಳಿದರು, "ಸರ, ಮಲ್ಲು ಆರ್ಟ್ಸ್ ಅಂದ್ರ ರೇಣುಕಾನ ಅಪ್ಪರಿ."

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ನಾಲ್ಕನೆಯ ದಿನ ಸಂಜೆ ನಾನು ಅವಳ ಅಪ್ಪ ಮಲ್ಲಪ್ಪನವರ ಅಂಗಡಿ ಹುಡುಕಿಕೊಂಡು ಹೋದೆ. ಮುಂದೆ ಅಂಗಡಿ, ಹಿಂದೆ ಮನೆ. ಅವರು ಗೋಡೆಗೊರಗಿಸಿದ ತಗಡಿನ ಮೇಲೆ ಸುಣ್ಣದ ಪುಡಿ ಹಚ್ಚಿದ ದಾರ ಎಳೆದು, ಚಿಟ್ಟೆಂದು ಬಿಟ್ಟು ಗೆರೆ ಮೂಡಿಸುತ್ತಿದ್ದರು. ನನ್ನನ್ನು ನೋಡಿ ಬಣ್ಣದ ಡಬ್ಬಿ ಸರಿಸಿ ಸ್ಟೂಲು ಹಾಕಿದರು. "ಬರ್ರಿ ಸರ, ಕುಂದರ್ರಿ." ಆ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು.

"ರೇಣುಕಾ ಸಾಲಿಗೆ ಬಂದಿಲ್ಲಲ್ರಿ ನಾಕ್ ದಿನದಿಂದ?" ಎಂದೆ.

"ಒಲ್ಲೆ ಅಂತಾಳ್ರಿ. ಹುಡುಗ್ರು ಹಾದ್ಯಾಗ ಮೀಲ್ಸ್ ಈಸ್, ಮೀಲ್ಸ್ ಈಸ್ ಅಂತ ಕೂಗತಾರಂತ. ಸಾಲಿ ಬಿಟ್ಟು ಹೊಲಿಗಿ ಕಲೀತೇನಿ ಅಂತ ಹಟ ಹಿಡದಾಳ್ರಿ. ನಾನೂ ಹೇಳಿ ಹೇಳಿ ಸಾಕಾತು."

ಮಕ್ಕಳನ್ನು ಗದರಿಸುತ್ತೇನೆ, ಅದು ಬರಿಯ ತಮಾಷೆ, ಇಂಥದೇನೋ ತೊದಲಿದೆ. ಮಲ್ಲಪ್ಪ ಕುಂಚ ಒರೆಸುತ್ತಾ ತಲೆ ಅಲ್ಲಾಡಿಸಿದರು.

"ಸರ, ನನಗ ಇಂಗ್ಲಿಷ್ ಓದಾಕ ಬರೂದಿಲ್ರಿ. ಚೀಟಿ ನೋಡಿ ಚಿತ್ರ ತಗದಂಗ ತಗೀತೇನಿ. ಅವರು ಬಾಗಿಸಿದಲ್ಲಿ ಬಾಗಸ್ತೇನಿ, ಚುಕ್ಕಿ ಇಟ್ಟಲ್ಲಿ ಚುಕ್ಕಿ ಇಡ್ತೇನಿ. ಹಿಂದ ಒಬ್ಬ ಅಡತಿ ಅಂಗಡಿಯವರು ಚೀಟ್ಯಾಗ ಶರಣಪ ಅಂತ ಒತ್ತಿಲ್ದ ಬರದಿದ್ರು. ಮರತಾರ ಅಂತ ನಾನ ಒತ್ತು ಹಾಕಿದೆ. ಜ್ಯೋತಿಷದವರು ಒತ್ತು ತಗೀರಿ ಅಂತ ಹೇಳಿದ್ರಂತ್ರಿ! ಇಡೀ ಬೋರ್ಡ್ ಹೊಳ್ಳಿ ಬರಸಿದ್ರು. ಅವತ್ತಿನಿಂದ ಯಾರ ಚೀಟ್ಯಾಗೂ ನಾ ಕೈ ಹಾಕೂದಿಲ್ರಿ. ಚೀಟೀನೂ ಒಗಿಯೂದಿಲ್ಲ. ನೋಡ್ರಿ ಅಲ್ಲಿ."

ಮೂಲೆಯಲ್ಲಿ ತೊಲೆಯಿಂದ ಒಂದು ದಪ್ಪ ತಂತಿ ಇಳಿಬಿದ್ದಿತ್ತು. ಅದಕ್ಕೆ ಚುಚ್ಚಿದ ಚೀಟಿಗಳು ಒಂದರ ಮೇಲೊಂದು ಸೇರಿ ಮೊಳದುದ್ದ ಬೆಳೆದಿದ್ದವು. ಸಿಗರೇಟಿನ ಪಾಕೀಟು, ಬಸ್ ಟಿಕೀಟು, ನೋಟಬುಕ್ಕಿನ ಹಾಳೆ, ಸುತ್ತಲಿನ ನಾಲ್ಕು ತಾಲೂಕಿನ ಅಂಗಡಿಕಾರರೆಲ್ಲ ಅಲ್ಲಿ ತೂಗುತ್ತಿದ್ದರು. ಮಲ್ಲಪ್ಪ ತಂತಿ ಇಳಿಸಿ ಒಂದೊಂದಾಗಿ ಸರಿಸುತ್ತಾ ಹೋಗಿ, ಒಂದನ್ನು ಹೊರಗೆಳೆದು ನನ್ನ ಕೈಗಿಟ್ಟರು. "ಹಿಪ್ಪರಗಿ ಖಾನಾವಳೀದು ಇದ ನೋಡ್ರಿ. ಒಂದು ಗೆರಿ ಹೆಚ್ಚು ಕಡಿಮಿ ಮಾಡಿದ್ರ ಕೇಳ್ರಿ."

ನನ್ನ ಕಣ್ಣಿಗೆ ಮೊದಲು ಬಿದ್ದದ್ದು ವೆಜ್ಜಿನ ಕೊನೆಯ ಜಿ. ಅದರ ಬಾಲ ಹಿಂದಕ್ಕೆ ಸುತ್ತಿ, ಚೇಳಿನ ಹಾಗೆ ಮೇಲೆದ್ದಿತ್ತು.

ಎಲ್ಲವೂ ಒಟ್ಟಿಗೆ ನೆನಪಾಯಿತು. ಮುದ್ದೇಬಿಹಾಳದ ನೌಕರಿಯಲ್ಲಿದ್ದಾಗ ಊರಿಗೆ ಹೋಗುವ ಹಾದಿಯಲ್ಲಿ ಹಿಪ್ಪರಗಿಯಲ್ಲಿ ಇಳಿದು ಆ ಖಾನಾವಳಿಯಲ್ಲಿ ಊಟ ಮಾಡುತ್ತಿದ್ದೆ. ಅವತ್ತು ರೊಟ್ಟಿ ಮುಗಿಸಿ ಅನ್ನ ಸಾರಿಗೆ ಬಂದಿದ್ದಾಗ ಮಾಲಕರು ಕ್ಯಾಲೆಂಡರಿನ ಹಾಳೆ ಹರಿದು ಎಡಗೈಗೆ ಕೊಟ್ಟು, "ಸರ, ಬೋರ್ಡಿಗೆ ಇಂಗ್ಲಿಷ್‌ನ್ಯಾಗ ಒಂದೀಟು ಬರದ ಕೊಡ್ರಿ" ಅಂದರು. ಹೊರಗೆ ನನ್ನ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಲಗುಬಗೆಯಲ್ಲಿ ಕೈ ತೊಳೆದು, ಅವರದೇ ನೀಲಿ ಪೆನ್ನು ಹಿಡಿದು, ಮೊದಲಕ್ಷರದ ಅಳತೆ ನೋಡದೆ ಸುರುಮಾಡಿದೆ. ಮೀಲ್ ಈಸ್ ಎಂದು ಬರೆದೆ. ಮಾಲಕರು ಓದಿಸಿಕೊಂಡು, "ಒಂದ ಊಟ ಅಲ್ರಿ ಸರ, ಭಾಳ ಮಂದಿ ಉಣ್ತಾರ" ಅಂದರು. ಎಸ್ ಸೇರಿಸಿದೆ, ಮುಂದಿನ ಪದ ತಿದ್ದುವುದು ಮರೆತೆ. "ಊಟ ಅನ್ನೂದು ಎದ್ದು ಕಾಣಬೇಕ್ರಿ" ಅಂದರು. ಅದರ ಮೊದಲಕ್ಷರವನ್ನು ದೊಡ್ಡದು ಮಾಡಿ, ಬ್ಯಾಗು ಎತ್ತಿಕೊಂಡು ಓಡಿದೆ. ಯಾರು ಕೇಳಿದರೂ ಹೀಗೆ ಬರೆದುಕೊಡುವುದು ನನ್ನ ರೂಢಿ, ಹಾಗಾಗಿ ಇದು ಮನಸ್ಸಿನಲ್ಲಿ ಉಳಿದಿರಲೇ ಇಲ್ಲ.

ಪೂರ್ಣವಿರಾಮ? ಅದು ಸಾರಿನ ಹನಿ. ಹಾಳೆಯ ಮೇಲೆ ಬಿದ್ದು ಒಣಗಿತ್ತು. ಮಲ್ಲಪ್ಪ ಅದನ್ನೂ ಅಳತೆ ತಪ್ಪದಂತೆ ತಗಡಿಗೆ ಏರಿಸಿದ್ದರು. ಬೋರ್ಡಿನ ಮೇಲಿನ ಜಿ ಕೂಡ ನನ್ನದೇ ಇತ್ತು. ನಾನು ಅದನ್ನು ಡೈರಿಗೂ ಕರಿಹಲಗೆಗೂ ಇಳಿಸಿದ್ದೆ, ಆದರೂ ಗುರುತು ಹತ್ತಿರಲಿಲ್ಲ.

"ಇದನ್ನ ಯಾರು ಬರದಿದ್ದು ಅಂತ ಗೊತ್ತೈತೇನ್ರಿ?" ಎಂದೆ.

"ಯಾರೋ ದೊಡ್ಡ ಮಾಸ್ತರ ಕಡಿಂದ ಬರಸೇನಿ ಅಂದಿದ್ರು. ಹೆಸರು ಹೇಳಲಿಲ್ರಿ."

ನಿಮ್ಮ ಹತ್ತಿರ ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ಸುಮ್ಮನಿದ್ದುಬಿಡೋಣ ಅನಿಸಿತು. ಚೀಟಿಯ ಮೇಲೆ ಹೆಸರಿರಲಿಲ್ಲ. ಮಲ್ಲಪ್ಪನವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಚಹಾ ಕುಡಿದು, ಹುಡುಗಿಗೆ ಎರಡು ಬುದ್ಧಿಮಾತು ಹೇಳಿ ಎದ್ದುಬರಬಹುದಿತ್ತು. ತಲೆಯೆತ್ತಿದರೆ ಒಳಗಿನ ಬಾಗಿಲಲ್ಲಿ ರೇಣುಕಾ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ತಿಳಿಯದು. ಇಂಥ ಹುಡುಗಿ ನನ್ನ ಒಂದು ಮಾತಿಗೆ ಶಾಲೆ ಬಿಡುತ್ತಾಳಲ್ಲ ಎಂದುಕೊಂಡೆ. ಬಹಳ ನಾಚಿಕೆಯಾಯಿತು.

"ಇದು ನಂದ ಅಕ್ಷರರಿ ಮಲ್ಲಪ್ಪನವರ. ನಾನ ಬರದಿದ್ದು" ಎಂದೆ.

ಮಲ್ಲಪ್ಪ ಗಟ್ಟಿಯಾಗಿ ನಕ್ಕುಬಿಟ್ಟರು. "ನಿಮ್ದೇನ್ರಿ? ಅಯ್ಯ, ಇರ್ಲಿ ಬಿಡ್ರಿ ಸರ, ಅವಸರದಾಗ ಆಗತೈತಿ." ರೇಣುಕಾ ನಗಲಿಲ್ಲ. ಹತ್ತಿರ ಬಂದು ಚೀಟಿ ನೋಡಿದಳು. ಜಿ ಅಕ್ಷರದ ಮೇಲೆ ಅವಳ ಕಣ್ಣು ನಿಂತದ್ದು ನನಗೆ ಕಂಡಿತು.

"ಮೂಲ್ಯಾಗ ಹೆಸರಿಲ್ಲಲ್ರಿ ಸರ" ಅಂದಳು ಮೆಲ್ಲಗೆ. "ನಮ್ಮಪ್ಪ ಬರದಿದ್ದರಾಗ ಇರ್ತೈತಿ."

ನಾನು ಜೇಬಿನ ಕೆಂಪು ಪೆನ್ನು ತೆಗೆದು ಚೀಟಿಯ ಮೂಲೆಯಲ್ಲಿ ನನ್ನ ಹೆಸರು ಬರೆದೆ. ಅಷ್ಟು ವರ್ಷ ಬೇರೆಯವರ ತಪ್ಪಿನ ಸುತ್ತ ತಿರುಗಿದ ಪೆನ್ನು ಅದು. ನಾಳೆ ತರಗತಿಯಲ್ಲಿ ತೋರಿಸುತ್ತೇನೆ, ಚೀಟಿ ಕೊಡಿ ಎಂದು ಕೇಳಿದೆ. ಮಲ್ಲಪ್ಪ ಒಪ್ಪಲಿಲ್ಲ. "ನಾಳೆ ಯಾರರೆ ಕೇಳಿದ್ರ ತೋರಸಾಕ ಬೇಕಲ್ರಿ ಸರ. ಇಲ್ಲೇ ಇರ್ಲಿ" ಎಂದು ಹಳೆಯ ತೂತಿಗೇ ತಂತಿ ಪೋಣಿಸಿದರು.

"ನಾಳಿ ಬರ್ತೀಯೇನವ್ವ?" ಎಂದು ಹೊರಡುವಾಗ ರೇಣುಕಾಳನ್ನು ಕೇಳಿದೆ. ಅವಳು ಒಳಗೆ ಹೋಗಿಬಿಟ್ಟಳು.

ಮರುದಿನ ನಾನು ತರಗತಿಗೆ ಹೋದಾಗ ಎರಡನೆಯ ಬೆಂಚು ಖಾಲಿ ಇತ್ತು. ಹಾಜರಿ ಕೂಗುತ್ತಾ ಅವಳ ಹೆಸರಿಗೆ ಬಂದಾಗ ಹಿಂದಿನಿಂದ ದನಿ ಬಂತು. ಕೊನೆಯ ಬೆಂಚಿನಲ್ಲಿ, ಗೋಡೆಗೆ ಅಂಟಿಕೊಂಡು ಕುಳಿತಿದ್ದಳು. ನಾನು ಕರಿಹಲಗೆಯ ಮೇಲೆ ಅದೇ ಆರು ಪದ ಬರೆದೆ. ಮೂಲೆಯಲ್ಲಿ ಮಲ್ಲು ಆರ್ಟ್ಸ್ ಎಂದು ಬರೆಯದೆ ನನ್ನ ಹೆಸರು ಬರೆದೆ. ಚೀಟಿಯ ಕಥೆಯನ್ನು ಸಾರಿನ ಹನಿ ಸಮೇತ ಹೇಳಿದೆ. "ಪೇಂಟರ್ ಒಂದು ಗೆರೀನೂ ತಪ್ಪಿಲ್ಲ. ನಾಲ್ಕೂ ತಪ್ಪು ನಂದು. ಅವತ್ತು ನಾನು ಮಲ್ಲಪ್ಪನವರಿಗೆ ಅಂದ ಮಾತು ಹಿಂದಕ್ಕ ತಗೊಂಡೇನಿ" ಎಂದೆ.

"ಯಾರು ತಿದ್ದತೀರಿ?" ಎಂದೆ. ಕೊನೆಯ ಬೆಂಚಿನಿಂದ ರೇಣುಕಾ ಎದ್ದು ಬಂದಳು. ಮೊದಲಕ್ಷರ ದೊಡ್ಡದು ಮಾಡಿದಳು. ಮೀಲ್ಸನ್ನು ಸಣ್ಣದು ಮಾಡಿದಳು. ಈಸ್ ಹೊಡೆದುಹಾಕಿ ಆರ್ ಬರೆದಳು. ಚುಕ್ಕಿಯನ್ನು ಬೆರಳಿನಿಂದ ಒರೆಸಿ ವಾಕ್ಯದ ಕೊನೆಗೆ ಇಟ್ಟಳು. ಕೆಲಸ ಮುಗಿಯಿತು ಎಂದು ನಾನು ಸುಣ್ಣದಕಡ್ಡಿಗೆ ಕೈಚಾಚಿದರೆ, ಅವಳು ಮೂಲೆಗೆ ಹೋಗಿ ನನ್ನ ಹೆಸರನ್ನು ಅಂಗೈಯಿಂದ ಅಳಿಸಿಬಿಟ್ಟಳು. ಬಂದು ಎರಡನೆಯ ಬೆಂಚಿನಲ್ಲಿ ಕುಳಿತಳು.

ಯಾಕೆ ಅಳಿಸಿದಳು ಎಂದು ನನಗೆ ಅರ್ಥವಾಗಲಿಲ್ಲ. ಕೇಳಲು ಧೈರ್ಯವೂ ಬರಲಿಲ್ಲ. ಸಿಟ್ಟಿನಿಂದ ಅಳಿಸಿದಳೇನೋ, ನನ್ನ ಹೆಸರೇ ಅವಳ ಕಣ್ಣಿಗೆ ಬೇಡವಾಯಿತೇನೋ ಎಂದು ಬಹಳ ದಿನ ಅಳುಕಿದ್ದೆ. 'ದಿನಕ್ಕೊಂದು ತಪ್ಪು' ಆಮೇಲೂ ನಡೆಯಿತು. ಊರು ಹೇಳುವುದನ್ನು, ಮೂಲೆಯ ಹೆಸರು ಓದುವುದನ್ನು ಮಾತ್ರ ಬಿಟ್ಟೆ.

ಖಾನಾವಳಿಯ ಮಾಲಕರ ಬಳಿ ಹೋಗಿ ಬೋರ್ಡು ಸರಿ ಮಾಡಿಸುತ್ತೇನೆ ಎಂದೂ ಅಂಗಲಾಚಿದೆ. ಅವರು ಕೇಳಲಿಲ್ಲ. "ಮಂದಿ ಈ ಬೋರ್ಡ್ ಗುರ್ತ ಹಿಡದು ಬರ್ತಾರ್ರಿ ಸರ. ಯಾಕ ಕೆಡಸ್ತೀರಿ?" ಅಂದರು. ಈಗಲೂ ಆ ದಾರಿಯಲ್ಲಿ ಹೋಗುವಾಗ ನಾನು ಇನ್ನೊಂದು ಕಿಟಕಿಯ ಕಡೆ ತಿರುಗಿ ಕೂರುತ್ತೇನೆ, ಮನೆಯಾಕೆ ಮೊಣಕೈಯಿಂದ ತಿವಿದು, "ನೋಡ್ರಿ, ನಿಮ್ಮ ಬೋರ್ಡ್ ಬಂತು" ಅನ್ನುತ್ತಾಳೆ.

ಹೋದ ತಿಂಗಳು ರೇಣುಕಾ ಮನೆಗೆ ಬಂದಿದ್ದಳು. ಬಸವನ ಬಾಗೇವಾಡಿಯ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಈಗ ಅವಳೇ ಇಂಗ್ಲಿಷ್ ಕಲಿಸುತ್ತಾಳೆ. ಮಕ್ಕಳಿಗೆಂದು ತಯಾರಿಸಿದ ತಪ್ಪು ತಿದ್ದುವ ಪ್ರಶ್ನೆಗಳನ್ನು ತೋರಿಸಲು ತಂದಿದ್ದಳು. ನಾನು ಪೆನ್ನು ಹಿಡಿದು ಮೂರು ಪುಟ ಹುಡುಕಿದರೂ ತಿದ್ದುವಂಥದು ಒಂದೂ ಸಿಗಲಿಲ್ಲ, ತುಸು ಬೇಜಾರೇ ಆಯಿತು. ಹೊರಡುವ ಮುನ್ನ ಅವಳು ಪರ್ಸಿನಿಂದ ಈ ಚೀಟಿ ತೆಗೆದಳು.

"ಅಪ್ಪ ಅಂಗಡಿ ಬಿಟ್ರರಿ ಸರ. ಎಲ್ಲಾರೂ ಈಗ ಫ್ಲೆಕ್ಸ್ ಮಾಡಸ್ತಾರ. ತಂತಿ ಬಿಚ್ಚುವಾಗ ಇದೊಂದು ತಗದು, ಸರ್‌ಗೆ ಕೊಟ್ಟು ಬಾ, ಇನ್ನ ಯಾರೂ ಕೇಳೂದಿಲ್ಲ ಅಂದ್ರು."

ನಾನು ಚೀಟಿ ಹಿಡಿದು ಕುಳಿತೆ. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಕೇಳಿಯೇಬಿಟ್ಟೆ. "ಅವತ್ತು ಹಲಗಿ ಮ್ಯಾಲಿಂದು ನನ್ನ ಹೆಸರು ಯಾಕ ಅಳಿಸಿದಿ ತಂಗಿ?"

ಅವಳು ಇದೇನು ದೊಡ್ಡ ಮಾತು ಎಂಬಂತೆ ನನ್ನನ್ನು ನೋಡಿದಳು. "ತಿದ್ದಿದ ಮ್ಯಾಲ ತಪ್ಪು ಉಳೀಲಿಲ್ಲಲ್ರಿ ಸರ. ಮತ್ತ ಹೆಸರ್ಯಾಕ ಇರಬೇಕು?"

ಅವಳು ಹೋದ ಮೇಲೆ ಚೀಟಿಯನ್ನು ಮೇಜಿನ ಮೇಲಿಟ್ಟು ನೋಡಿದೆ. ಕೈ ತಾನಾಗಿ ಜೇಬಿಗೆ ಹೋಗಿ ಕೆಂಪು ಪೆನ್ನು ತೆಗೆದಿತ್ತು. ಎರಡು ನಿಮಿಷದ ಕೆಲಸ. ನಾಲ್ಕೂ ತಪ್ಪು ತಿದ್ದಿಬಿಟ್ಟರೆ, ಅವಳ ಲೆಕ್ಕದ ಪ್ರಕಾರ ಹೆಸರನ್ನೂ ತೆಗೆಯಬಹುದಿತ್ತು. ಪೆನ್ನಿನ ಮುಚ್ಚಳ ಹಾಕಿ ಚೀಟಿಯನ್ನು ಗಾಜಿನ ಕೆಳಗೆ ಸರಿಸಿದೆ. ತಪ್ಪು ಹಾಗೆಯೇ ಇದೆ, ಹೆಸರೂ ಇದೆ.